ಕೊನೆಯ ಸುತ್ತಿನ ಪ್ರಶ್ನೆಗಳು

ಜೂನ್ 2, ಸೋಮವಾರ

ಬರೆಯದೆ ಎಷ್ಟೋ ತಿಂಗಳಾಗಿತ್ತು. ಇವತ್ತು ಯಾರ ಹತ್ತಿರವೂ ಹೇಳಲಾಗದಂಥದ್ದೊಂದು ನಡೆದಿದೆ. ಅದಕ್ಕೇ ಕೂತಿದ್ದೇನೆ.

ಮಗಳ ಜಾಕೆಟ್ಟನ್ನು ಒಗೆಯಲು ಹಾಕುವ ಮುನ್ನ ಜೇಬು ತಡವಿದೆ. ಬಸ್ ಟಿಕೆಟ್ಟು, ಮುರಿದ ಹೇರ್ ಕ್ಲಿಪ್ಪು, ಚಾಕೊಲೇಟಿನ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಪುಟ್ಟ ಪೊಟ್ಟಣ. ಬಿಚ್ಚುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಗಾಂಜಾ. ಈ ವಾಸನೆ ಹಿಡಿದೇ ನಾನು ಸಂಬಳ ತೆಗೆದುಕೊಳ್ಳುವವಳು!

ಅವಳು ಕಾಲೇಜಿನಿಂದ ಬಂದು ಇನ್ನೂ ಶೂ ಬಿಚ್ಚುತ್ತಿದ್ದಳು.

"ಯಾರದಿದು?"

"ನನ್ ಫ್ರೆಂಡ್ದು."

"ಯಾವ ಫ್ರೆಂಡು?"

"ನೀನ್ಯಾಕೆ ನನ್ ಜೇಬಿಗೆ ಕೈ ಹಾಕ್ದೆ?"

ಹೊಡೆದುಬಿಟ್ಟೆ. ಕೆನ್ನೆಗೆ. ಅವಳು ಅಳಲಿಲ್ಲ. ಒಂದೇ ಶೂನಲ್ಲಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಕೆಲಸವೇನೆಂದು ನೆನೆದರೆ ನಗುವೋ ಅಳುವೋ ಗೊತ್ತಾಗುವುದಿಲ್ಲ. ಹದಿನಾಲ್ಕರ ವಯಸ್ಸಿನ ಮಕ್ಕಳನ್ನು ಶಾಲೆಶಾಲೆಗಳಿಂದ ಆರಿಸಿ, ಸಿಗರೇಟು, ಮದ್ಯ, ಗಾಂಜಾ, ಮಾತ್ರೆ ಯಾರು ಯಾವಾಗ ಮುಟ್ಟುತ್ತಾರೆ, ಯಾರು ಬಿಡುತ್ತಾರೆ, ಯಾರನ್ನು ಅದು ಬಿಡುವುದಿಲ್ಲ ಎಂದು ಅವರಿಗೆ ಮೂವತ್ತಾಗುವವರೆಗೂ ಹಿಂಬಾಲಿಸಿ ಕೇಳುವ ಸಂಶೋಧನೆ. ಅದರಲ್ಲಿ ನಾನು ಸಂದರ್ಶಕಿ. ಸಂದರ್ಶನಗಳ ಮೊದಲ ಸುತ್ತಿನಲ್ಲಿ ಮಗಳು ಹೊಟ್ಟೆಯಲ್ಲಿದ್ದಳು. ತರಬೇತಿಯಲ್ಲಿ ನಮಗೆ ಕಲಿಸಿದ್ದ ಮೊದಲ ಪಾಠವೇ, ಮಗು ಏನು ಹೇಳಿದರೂ ಕೇಳುವವರ ಹುಬ್ಬು ಅಲುಗಬಾರದು ಅಂತ. ನೂರಾರು ಮಕ್ಕಳ ಮುಂದೆ ನನ್ನ ಹುಬ್ಬು ಅಲುಗಿಲ್ಲ. ನನ್ನ ಮಗಳ ಮುಂದೆ ಕೈಯೇ ಅಲುಗಿತು.

ಜೂನ್ 4, ಬುಧವಾರ

ಮಾತಿಲ್ಲ. ಫೋನು ಕಿತ್ತುಕೊಂಡಿದ್ದೇನೆ. ಬೆಳಗ್ಗೆ ನಾನೇ ಕಾಲೇಜಿನ ಗೇಟಿನವರೆಗೂ ಬಿಟ್ಟುಬಂದೆ, ನರ್ಸರಿ ಮಗುವನ್ನು ಬಿಟ್ಟ ಹಾಗೆ. ಅವಳು ನನಗಿಂತ ಹತ್ತು ಮಾರು ಮುಂದೆ ನಡೆದಳು.

ಇವರು ಗೂಡ್ಸ್ ರೈಲು ಓಡಿಸುತ್ತ ಎಲ್ಲೋ ಇದ್ದಾರೆ. ಫೋನಿನಲ್ಲಿ ಹೇಳಿದೆ. "ನಾನು ಬರೋವರೆಗೂ ಏನೂ ಮಾಡ್ಬೇಡ" ಅಂದರು. ಮಾಡಿ ಆಗಿದೆ ಎಂದು ಹೇಳಲಿಲ್ಲ.

ಅತ್ತೆಗೆ ಮಾತ್ರ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಚಹಾ ಸೋಸುತ್ತಿದ್ದಾಗ ಹಿಂದಿನಿಂದ ಬಂದು, "ಊರ ಮಕ್ಕಳಿಗೆಲ್ಲ ಕಿವಿ, ಮನೆ ಮಗಳಿಗೆ ಕೈ. ಚೆನ್ನಾಗಿದೆ ಕಣಮ್ಮ ನಿನ್ನ ವಿದ್ಯೆ" ಅಂದರು. ಚಹಾ ಅರ್ಧ ಕಟ್ಟೆಯ ಮೇಲೆ ಹೋಯಿತು.

ಜೂನ್ 9, ಸೋಮವಾರ

ಕೊನೆಯ ಸುತ್ತು ಶುರುವಾಯಿತು. ಸಂಶೋಧನೆಯ ಮುಖ್ಯಸ್ಥೆ ಪ್ರೊಫೆಸರು ನಮ್ಮನ್ನೆಲ್ಲ ಕೂರಿಸಿಕೊಂಡು, "ಸಿಗೋರನ್ನ ಯಾರು ಬೇಕಾದ್ರೂ ಹುಡುಕ್ತಾರೆ. ಸಿಗದೆ ಇರೋರನ್ನ ಬಿಟ್ಟು ಲೆಕ್ಕ ಹಾಕಿದ್ರೆ ನಮ್ಮ ಲೆಕ್ಕವೇ ಸುಳ್ಳಾಗುತ್ತೆ" ಎಂದರು. ಕಳೆದುಹೋದವರನ್ನು ನಮಗೆ ಹಂಚಿದರು. ನನ್ನ ಪಾಲಿಗೆ ಬಂದವರಲ್ಲಿ ಕೊಕ್ಕರೆಯೂ ಇದ್ದಾಳೆ.

ನಿಜ ಹೆಸರು ಆಚೆಗೆ ಬರಬಾರದೆಂಬ ನಿಯಮಕ್ಕೆ ನಾನು ಎಲ್ಲರಿಗೂ ಮನಸ್ಸಿನಲ್ಲೇ ಅಡ್ಡಹೆಸರಿಟ್ಟಿದ್ದೇನೆ. ಹದಿನಾಲ್ಕರಲ್ಲಿ ಅವಳು ತರಗತಿಯ ಗೋಡೆಗೊರಗಿ ಒಂದೇ ಕಾಲಿನ ಮೇಲೆ ನಿಂತು ಉತ್ತರ ಹೇಳುತ್ತಿದ್ದಳು. ಹದಿನಾರಕ್ಕೆ ಕೆಮ್ಮಿನ ಔಷಧಿಯ ನಶೆ, ಆಮೇಲೆ ಮಾತ್ರೆ. ಇಪ್ಪತ್ತೆರಡರಲ್ಲಿ ನನ್ನ ಮುಖಕ್ಕೇ ಬಾಗಿಲು ಹಾಕಿದಳು. ಆ ಬಾಗಿಲ ಸಂದಿಯಲ್ಲಿ ಕಂಡ ಅವಳ ಮೊಣಕೈ, ಅಬ್ಬ, ಬರೀ ಮೂಳೆ. ಅದಾದ ಮೇಲೆ ಸುಳಿವಿಲ್ಲ. ಈ ವಾರವಿಡೀ ಮಗಳ ಮುಖ ನೋಡಿದಾಗಲೆಲ್ಲ ನನಗೆ ಆ ಮೊಣಕೈಯೇ ಕಾಣುತ್ತಿದೆ.

ಸಂಜೆ ಅತ್ತೆ ಅಂದರು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ನಾಳೆ ಆಫೀಸಿನಲ್ಲಿ ಇದನ್ನು ಹೇಳಿದರೆ ಅಂಕಿಅಂಶ ನೋಡಿಕೊಳ್ಳುವ ನಮ್ಮ ಲೆಕ್ಕದ ಹುಡುಗ ಏನನ್ನುತ್ತಾನೆಂದು ಗೊತ್ತು: "ಮೇಡಂ, ಹದಿನಾರು ವರ್ಷದಿಂದ ಆ ಗಾದೆ ನಿಜವೋ ಸುಳ್ಳೋ ಅಂತ ನೋಡೋಕೇ ಅಲ್ವಾ ನಮಗೆ ಸಂಬಳ ಕೊಡ್ತಿರೋದು?"

ಜೂನ್ 13, ಶುಕ್ರವಾರ

ಇಂಜಿನ್ ಸಿಕ್ಕಿದ! ಹದಿನೇಳರಲ್ಲಿ ಬೆಳಗ್ಗೆ ಎದ್ದರೆ ಗಾಂಜಾ, ಮಲಗುವ ಮುನ್ನ ಗಾಂಜಾ, ಸದಾ ಹೊಗೆ. ಅದಕ್ಕೇ ಆ ಹೆಸರು. ಅವನ ಕಡತದಲ್ಲಿ ನಾನೇ ಒಂದು ಸಲ "ತೀವ್ರ" ಎಂದು ಗುರುತು ಹಾಕಿದ್ದೆ. ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ. ದೊಡ್ಡದೊಂದು ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ ಸಂದರ್ಶನ. ಗ್ರೀಸ್ ಬಡಿದ ಡಬ್ಬವೊಂದನ್ನು ಒರೆಸಿ ನನಗೆ ಕೂರಲು ಕೊಟ್ಟ. ಹೊಟ್ಟೆ ಬಂದಿದೆ.

"ಕೊನೇ ಸಲ ಸೇದಿದ್ದು ಯಾವಾಗ?"

ತಲೆ ಕೆರೆದುಕೊಂಡ. "ಅಯ್ಯೋ, ಯಾರಿಗ್ ನೆನಪಿದೆ ಮೇಡಂ."

"ಬಿಟ್ಟಿದ್ದು ಹೇಗೆ?"

"ಬಿಟ್ಟೆ ಅಂತ ಗೊತ್ತೇ ಆಗ್ಲಿಲ್ಲ. ಈ ಕೆಲಸ ಸಿಕ್ತು. ಹಗ್ಗ ಕಟ್ಕೊಂಡು ಬಾವಿ ಥರ ಇರೋದ್ರೊಳಗೆ ಇಳೀಬೇಕು, ಅಲ್ಲಿ ತಲೆ ಗಿರ್ರ್ ಅಂದ್ರೆ ಮುಗೀತು ಕತೆ. ಆಮೇಲೆ ಮದುವೆ, ಮಗು. ಸೇದೋಕೆ ಪುರಸೊತ್ತೇ ಆಗ್ಲಿಲ್ಲ."

ಕೆಳಗಿಳಿಯಲು ಲಿಫ್ಟಿನ ಬಾಗಿಲು ಹಿಡಿದು ನಿಂತು, "ನಿಮ್ಮ ಮಗಳು ಎಷ್ಟು ದೊಡ್ಡೋಳಾದ್ಲು ಮೇಡಂ? ಒಂದು ಸಲ ಫೋಟೋ ತೋರ್ಸಿದ್ರಿ" ಎಂದ. ಚೆನ್ನಾಗಿದ್ದಾಳೆ ಎಂದೆ.

ಜೂನ್ 19, ಗುರುವಾರ

ಹಾಸ್ಯದ ಹುಡುಗನ ಮನೆಗೆ ಹೋಗಿದ್ದೆ. ಪ್ರತಿ ಸುತ್ತಿನಲ್ಲೂ ಅವನು ನನ್ನನ್ನು ನಗಿಸಿಯೇ ಕಳಿಸುತ್ತಿದ್ದ. ಅವನ ತಂದೆ, ರಿಟೈರಾದ ಅಂಚೆಯವರು, ಬಾಗಿಲು ತೆಗೆದರು. "ಅವನು ಹೋಗ್ಬಿಟ್ಟನಮ್ಮ. ಹೋದ ವರ್ಷ. ಕುಡ್ದು ಕುಡ್ದು ಲಿವರ್ರು..." ಎಂದವರು ಆಮೇಲೂ ನನ್ನನ್ನು ಒಳಗೆ ಕರೆದು ಕೂರಿಸಿದರು.

"ಇಷ್ಟು ವರ್ಷ ನಿಮ್ ಹತ್ರ ಮಾತಾಡ್ತಿದ್ದ. ನಮ್ ಹತ್ರ ಒಂದ್ ಮಾತೂ ಇಲ್ಲ. ಏನ್ ಹೇಳ್ತಿದ್ದ ನಿಮ್ಗೆ?"

ಹೇಳುವ ಹಾಗಿಲ್ಲ. ಸತ್ತ ಮೇಲೂ ಇಲ್ಲ.

"ನಗಿಸ್ತಿದ್ದ" ಎಂದೆ. "ಬಂದಾಗಲೆಲ್ಲ ನಗಿಸ್ತಿದ್ದ."

"ಹೌದಾ" ಎಂದರು. ಅಷ್ಟು ಸಾಕಾಗಿತ್ತೇನೋ ಎಂಬಂತೆ ತಲೆಯಾಡಿಸಿದರು.

ಮನೆಗೆ ಬಂದವಳೇ ಮಗಳ ಬ್ಯಾಗನ್ನು ಮಂಚದ ಮೇಲೆ ಸುರಿದೆ. ಜಾಮಿಟ್ರಿ ಬಾಕ್ಸು, ಪೌಡರ್ ಡಬ್ಬಿ, ಸಾಕ್ಸು, ಎಲ್ಲ. ಸ್ವೆಟರನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದಾಗ ಅವಳು ಬಾಗಿಲಲ್ಲಿದ್ದಳು.

"ನಿನ್ ಸ್ಟಡಿ ಮಕ್ಕಳ ಬ್ಯಾಗನ್ನೂ ಹೀಗೇ ಸುರೀತೀಯಾ?"

ಸ್ವೆಟರನ್ನು ಮಡಚಿ ಇಟ್ಟೆ. ಸಾಮಾನನ್ನೆಲ್ಲ ಇಬ್ಬರೂ ಸೇರಿ ಬ್ಯಾಗಿಗೆ ತುಂಬಿದೆವು.

ಜೂನ್ 20

ತಲೆನೋವು.

ಜೂನ್ 25, ಬುಧವಾರ

ಕೊಕ್ಕರೆಯ ಚಿಕ್ಕಮ್ಮ, ನಾನು ಮೊದಲ ಸಲ ಫೋನು ಮಾಡಿದಾಗ, "ಇದ್ದಾಳೋ ಸತ್ಲೋ ಗೊತ್ತಿಲ್ಲ, ಇನ್ನೊಂದ್ ಸಲ ಫೋನ್ ಮಾಡ್ಬೇಡಿ" ಎಂದು ಇಟ್ಟಿದ್ದರು. ಇವತ್ತು ಅವರೇ ಮಾಡಿದರು. ದನಿ ತಗ್ಗಿಸಿ, "ಬಸ್ ಡಿಪೋ ಇದೆಯಲ್ಲ, ಊರಾಚೆ, ಅಲ್ಲಿ ವರ್ಕ್‌ಶಾಪಲ್ಲಿ ಇದಾಳಂತೆ. ನಾನ್ ಹೇಳ್ದೆ ಅನ್ಬೇಡಿ" ಅಂದರು.

ಫೋನಿಟ್ಟ ಮೇಲೆ ಲೆಕ್ಕದ ಹುಡುಗನ ಭುಜಕ್ಕೆ ಒಂದು ಗುದ್ದು ಕೊಟ್ಟೆ. "ಬದುಕಿದಾಳಯ್ಯ!" ಪಾಪ, ಅವನ ಕಾಫಿ ಕೀಬೋರ್ಡಿನ ಮೇಲೆ ಚೆಲ್ಲಿತು.

ಮಗಳ ಫೋನು ವಾಪಸು ಕೊಟ್ಟೆ. ಕಾಲೇಜಿನಿಂದ ತಡವಾದರೆ ನನಗೆ ತಿಳಿಯುವುದಾದರೂ ಹೇಗೆ?

ಜೂನ್ 28, ಶನಿವಾರ

ಡಿಪೋದ ಹಿಂಭಾಗದಲ್ಲಿ ತಗಡಿನ ಶೆಡ್ಡು. ಕಿತ್ತು ತಂದ ಬಸ್ಸಿನ ಸೀಟುಗಳು ಹಲ್ಲುದುರಿದ ಬಾಯಿಯ ಹಾಗೆ ಸಾಲಾಗಿ ಬಿದ್ದಿದ್ದವು. ಅವುಗಳ ನಡುವೆ ದೊಡ್ಡ ಹೊಲಿಗೆ ಮೆಷಿನ್ನು, ಅದರ ಮುಂದೆ ಉದ್ದನೆಯ ಹೆಂಗಸು. ನನ್ನನ್ನು ನೋಡಿ ಕಾಲು ಪೆಡಲಿನ ಮೇಲೆ ನಿಂತಿತು.

"ಪ್ರಶ್ನೆ ಆಂಟಿ!"

ಆ ಮಕ್ಕಳು ನನ್ನನ್ನು ಹಾಗೆ ಕರೆಯುತ್ತಿದ್ದರೆಂಬುದೇ ಮರೆತುಹೋಗಿತ್ತು. ನಾನು ಮೊದಲು ನೋಡಿದ್ದು ಅವಳ ಮೊಣಕೈಯನ್ನು. ತುಂಬಿಕೊಂಡಿತ್ತು, ರೆಕ್ಸಿನ್ನಿನ ಅಂಟು ಮೆತ್ತಿತ್ತು. ಯಾಕೋ ಕಣ್ಣು ಮಂಜಾಯಿತು. ಶೆಡ್ಡಿನಲ್ಲಿ ಧೂಳು ಬೇರೆ.

ಹೊಸದಾಗಿ ಹೊದಿಸಿದ ಸೀಟೊಂದರ ಮೇಲೆ ಪಕ್ಕಪಕ್ಕ ಕೂತೆವು, ಯಾವುದೋ ಊರಿಗೆ ಹೊರಟವರ ಹಾಗೆ. ಒಂದೊಂದಾಗಿ ಕೇಳುತ್ತ ಹೋದೆ. ಯಾವುದನ್ನೂ ಮುಚ್ಚಿಡಲಿಲ್ಲ. ಆಸ್ಪತ್ರೆಗೆ ಸೇರಿದ್ದು, ಬಿಟ್ಟಿದ್ದು, ಮತ್ತೆ ಬಿದ್ದಿದ್ದು, ಮತ್ತೆ ಸೇರಿದ್ದು. ಈಗ ಸಿಗರೇಟು ಮಾತ್ರ, ಅದನ್ನೂ ಬೈದುಕೊಂಡೇ ಸೇದುತ್ತಾಳಂತೆ. ಬಿಡಲು ಸಹಾಯವಾಗಿದ್ದೇನು ಎಂಬ ಪ್ರಶ್ನೆಗೆ ನಾವೇ ಕೊಟ್ಟ ಉತ್ತರಗಳನ್ನು ಓದಿ ನಕ್ಕಳು.

"ಇದ್ರಲ್ಲಿ ‘ಸಾಕಾಗಿಹೋಯ್ತು’ ಅನ್ನೋದೇ ಇಲ್ವಲ್ಲ ಆಂಟಿ."

"‘ಇತರೆ’ ಅಂತಿದೆ, ಅಲ್ಲಿ ಬರ್ಕೋತೀನಿ."

"ಹಂಗಾದ್ರೆ ನಮ್ಮ ಅತ್ತಿಗೇನೂ ಬರ್ಕೊಳ್ಳಿ. ಎಲ್ರೂ ಕೈ ತೊಳ್ಕೊಂಡ್ರು, ಅವಳೊಬ್ಳು ಬಿಡ್ಲಿಲ್ಲ. ಎಲ್ಲಿ ಬಿದ್ದಿದ್ರೂ ಫೋನ್ ಮಾಡಿದ್ರೆ ‘ಎಲ್ಲಿದೀಯಾ, ಬಂದೆ’ ಅನ್ನೋಳು. ಅಷ್ಟೇ. ಬೇರೆ ವಿಚಾರಣೆ ಇಲ್ಲ."

"ಬೈತಿರ್ಲೇ ಇಲ್ವಾ?"

"ಅಯ್ಯಯ್ಯೋ, ಏನ್ ಬೈಗುಳ! ಏಳು ಜನ್ಮಕ್ಕಾಗೋಷ್ಟು. ಆದ್ರೆ ಮನೆಗೆ ಕರ್ಕೊಂಡ್ ಬಂದು, ಊಟ ಹಾಕಿ, ಆಮೇಲೆ."

ಹೊರಡುವಾಗ ನನ್ನ ಚೀಲದ ಕಿತ್ತುಹೋಗಿದ್ದ ಪಟ್ಟಿಯನ್ನು ಕಸಿದುಕೊಂಡು ಮೆಷಿನ್ನಿಗೆ ಕೊಟ್ಟು, ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲಿದು ಕೊಟ್ಟಳು. ಹೀಗೆ ಹೊಲಿದರೆ ಬಸ್ಸೇ ಕಿತ್ತುಹೋಗಬೇಕು, ಹೊಲಿಗೆ ಬಿಡುವುದಿಲ್ಲ.

ಪ್ರೊಫೆಸರಿಗೆ ದಾರಿಯಲ್ಲೇ ಫೋನು ಮಾಡಿದೆ. ಆ ಗಂಭೀರ ಹೆಂಗಸು "ಓಹೋ!" ಎಂದು ಕೂಗಿದ್ದು ಬಸ್ಸಿನಲ್ಲಿ ಪಕ್ಕದವರಿಗೂ ಕೇಳಿಸಿತು.

ಜುಲೈ 3, ಗುರುವಾರ

ಇವರು ಎರಡು ದಿನದ ಮಟ್ಟಿಗೆ ಬಂದು ಹೋದರು. ಮಗಳನ್ನು ವಾಕಿಂಗ್ ಕರೆದುಕೊಂಡು ಹೋಗಿ ಏನು ಮಾತಾಡಿದರೋ, ವಾಪಸು ಬಂದಾಗ ಇಬ್ಬರ ಬಾಯಲ್ಲೂ ಐಸ್‌ಕ್ರೀಮು. ತಂದೆಯರ ಕೆಲಸ ಎಷ್ಟು ಸಲೀಸು!

ಸಂಜೆ ನಾನು ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಸುಲಿಯುತ್ತಿದ್ದೆ. ಮಗಳು ಬಂದು ಎದುರು ಕೂತು ಒಂದು ಹಿಡಿ ಎಳೆದುಕೊಂಡಳು. ಸುಲಿದದ್ದಕ್ಕಿಂತ ತಿಂದದ್ದೇ ಹೆಚ್ಚು.

"ಅಮ್ಮ, ಆ ಮಕ್ಕಳನ್ನ ಏನಂತ ಕೇಳ್ತೀಯಾ?"

"ಯಾವ ಮಕ್ಕಳು? ಅವರೆಲ್ಲ ಈಗ ಗಡ್ಡ ಮೀಸೆಯೋರು."

"ಮೊದ್ಲು. ನನ್ ವಯಸ್ಸಲ್ಲಿ ಇದ್ದಾಗ."

"ಮೊದಲು, ನೀನು ಹೇಳಿದ್ದು ಯಾರಿಗೂ ಹೇಳಲ್ಲ ಅಂತ ಹೇಳ್ತೀನಿ. ಅಪ್ಪ ಅಮ್ಮಂಗೆ, ಮೇಷ್ಟ್ರಿಗೆ, ಯಾರಿಗೂ. ಇಷ್ಟವಿಲ್ಲದ ಪ್ರಶ್ನೆ ಬಿಡಬಹುದು ಅಂತ ಹೇಳ್ತೀನಿ. ಆಮೇಲೆ ಕೇಳ್ತೀನಿ."

ಸ್ವಲ್ಪ ಹೊತ್ತು ಸಿಪ್ಪೆಯನ್ನೇ ಸೀಳುತ್ತಿದ್ದಳು. "ಕೇಳು ಹಂಗಾದ್ರೆ. ಆದ್ರೆ ಅವರನ್ನ ಕೇಳೋ ಹಾಗೆ. ಅಮ್ಮನ ಹಾಗಲ್ಲ."

"ಅಮ್ಮಂಗೂ ಹೇಳಬಾರದಾ?"

"ಅಮ್ಮಂಗಂತೂ ಹೇಳ್ಲೇಬಾರ್ದು."

ಕೇಳಿದೆ. ಮೊದಲ ಪ್ರಶ್ನೆಯಿಂದ ಕೊನೆಯವರೆಗೂ ನನಗೆ ಬಾಯಿಪಾಠ. ಒಂದೆರಡು ಕಡೆ ಹುಬ್ಬು ಅಲುಗಿತೇನೋ, "ಹುಬ್ಬು!" ಎಂದು ಅವಳು ಎಚ್ಚರಿಸಿದಳು. ಒಂದು ಪ್ರಶ್ನೆಯನ್ನು ಬಿಟ್ಟಳು. ನಾನೂ ಬಿಟ್ಟೆ. ಎಲ್ಲ ಮುಗಿದ ಮೇಲೆ, ಅಭ್ಯಾಸಬಲದಿಂದ, "ನೀವು ನನ್ನನ್ನು ಏನಾದರೂ ಕೇಳಬೇಕಾ?" ಎಂದೆ.

"ನಿಂಗೆ ಭಯ ಆಗಿತ್ತಾ?"

"ಆಗಿತ್ತು. ಈಗ್ಲೂ ಇದೆ."

"ನಂಗೂ" ಎಂದಳು. ಆಮೇಲೆ, "ಅವತ್ತು ಹೊಡ್ದಿದ್ದು ಜೋರಾಗಿತ್ತು ಗೊತ್ತಾ."

ತಪ್ಪಾಯಿತು ಎಂದೆ. ಏನಾದರೂ ಆದರೆ, ಎಲ್ಲೇ ಇದ್ದರೂ ನನಗೆ ಫೋನು ಮಾಡು ಎಂದೂ ಹೇಳಿದೆ. "ಮಾಡಿದ್ರೆ ಕೂಗಾಡ್ತೀಯಾ" ಎಂದಳು. ಕೂಗಾಡುವುದಿಲ್ಲ ಎಂದು ಮಾತು ಕೊಡಲು ಧೈರ್ಯ ಬರಲಿಲ್ಲ. "ಮೊದಲು ಬರ್ತೀನಿ" ಎಂದೆ.

ಅವಳ ಉತ್ತರಗಳನ್ನು ಇಲ್ಲಿ ಬರೆಯುವುದಿಲ್ಲ. ನಿಯಮ ಅಂದರೆ ನಿಯಮ.

ಜುಲೈ 8, ಮಂಗಳವಾರ

ಇಡೀ ದಿನ ಆಫೀಸು. ಅತ್ತೆಯ ಕನ್ನಡಕದ ಕಾಲು ಮುರಿದಿದೆ. ಮಗಳು ಕಪ್ಪು ಟೇಪನ್ನು ಒಂದು ಗಾಜು ಮುಚ್ಚುವವರೆಗೂ ಸುತ್ತಿಕೊಟ್ಟಳು. ಈಗ ಅತ್ತೆ ಕಡಲ್ಗಳ್ಳರ ಹಾಗೆ ಕಾಣುತ್ತಾರೆ. ಬಟ್ಟೆ ಒಗೆದೆ, ಎರಡು ಕಂತು.

ಜುಲೈ 13, ಭಾನುವಾರ

ಇನ್ನೂ ನಿದ್ದೆ ಬಂದಿಲ್ಲ. ಬರೆದರೆ ಬಂದೀತು.

ಮಧ್ಯಾಹ್ನ ಊಟವಾಗಿ ತಟ್ಟೆ ತೊಳೆಯುತ್ತಿದ್ದೆ. ಮಗಳು ಗುಂಗುರುಕೂದಲಿನ ಗೆಳತಿಯ ಮನೆಗೆ ಓದಲು ಹೋಗಿದ್ದಳು. ಎರಡು ಬೀದಿ ಆಚೆ ಆ ಹುಡುಗಿಯ ಮನೆ. ಅವಳ ಅಪ್ಪ ಅಮ್ಮ ಯಾವುದೋ ಮದುವೆಗೆ ಹೋಗಿದ್ದರು. ಫೋನು ಬಂತು.

"ಅಮ್ಮ... ಅಮ್ಮ, ಅವಳು ಏಳ್ತಿಲ್ಲ."

"ಉಸಿರಾಡ್ತಿದಾಳಾ?"

"ಆಡ್ತಿದಾಳೆ. ಗೊರಗೊರ ಅಂತಿದೆ."

"ಪಕ್ಕಕ್ಕೆ ಹೊರಳಿಸಿ ಮಲಗ್ಸು. ಬಾಯಿ ಕೆಳಗಿರೋ ಹಾಗೆ. ಅವಳನ್ನ ಬಿಟ್ಟು ಎಲ್ಲೂ ಹೋಗ್ಬೇಡ. ನಾನು ಬಂದೆ."

ಆಂಬುಲೆನ್ಸಿಗೆ ಫೋನು ಮಾಡುತ್ತಲೇ ಓಡಿದೆ. ಸೋಪಿನ ಕೈ, ಕಾಲಲ್ಲಿ ಅತ್ತೆಯ ಚಪ್ಪಲಿ. ಬಾಗಿಲು ತೆರೆದೇ ಇತ್ತು. ಸೋಫಾದ ಕೆಳಗೆ ನೆಲದ ಮೇಲೆ ಆ ಹುಡುಗಿ, ತುಟಿ ಬೂದಿಯ ಬಣ್ಣ. ಪಕ್ಕಕ್ಕೆ ಸರಿಯಾಗಿ ಮಲಗಿಸಿದ್ದಳು ನನ್ನ ಮಗಳು, ಅವಳ ಬೆನ್ನಿಗೆ ತಾನೇ ಆನಿಕೊಂಡು ಕೂತು, ಹೊರಳದ ಹಾಗೆ. ವಾಂತಿಯನ್ನು ತನ್ನ ದುಪಟ್ಟಾದಿಂದಲೇ ಒರೆಸಿದ್ದಳು. ಮಗಳ ಇನ್ನೊಂದು ಕೈಯಲ್ಲಿ ಮಾತ್ರೆಯ ಖಾಲಿ ಹಾಳೆ.

"ಇವಳ ಅಮ್ಮನ ನಿದ್ದೆ ಮಾತ್ರೆ. ಮೇಲೆ ಅಪ್ಪನ ಬಾಟ್ಲಿದು ಕುಡಿದ್ಲು. ಸುಮ್ನೆ, ಹೇಗಿರುತ್ತೆ ನೋಡೋಣ ಅಂತ. ನಾ ಬೇಡ ಅಂದೆ ಅಮ್ಮ. ನಾನೂ ಒಂದು ಗುಟುಕು..."

"ಆಯ್ತು. ಆ ಹಾಳೆ ಬಿಸಾಡ್ಬೇಡ, ಡಾಕ್ಟರಿಗೆ ಬೇಕು."

ಆಂಬುಲೆನ್ಸು ಬರುವವರೆಗೂ ಆ ಮಗುವಿನ ಮೂಗಿನ ಹತ್ತಿರ ಕೈ ಹಿಡಿದು ಕೂತಿದ್ದೆ. ಉಸಿರು ಒಮ್ಮೆ ನಿಂತ ಹಾಗಾದಾಗ ಹೆಸರು ಹಿಡಿದು ಕೂಗಿ ಭುಜ ಅಲುಗಿಸಿದೆ. ಬಂತು, ಮತ್ತೆ ಬಂತು. ಇಷ್ಟು ವರ್ಷ ಇಂಥವನ್ನೆಲ್ಲ ಬರೆದುಕೊಂಡಿದ್ದೆನೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ.

ಆಸ್ಪತ್ರೆಯಲ್ಲಿ ಒಳಗೆ ಕರೆದೊಯ್ದರು. ಆಚೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಾವಿಬ್ಬರೇ. ಹುಡುಗಿಯ ತಾಯಿಗೆ ನಾನೇ ಫೋನು ಮಾಡಿ ಹೇಳಿದೆ. ಆ ತಾಯಿ ಅತ್ತ ಕಡೆಯಿಂದ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಮಗಳು ನನ್ನ ತೋಳು ಹಿಡಿದು ಕೂತಿದ್ದಳು. ಸಂಜೆಯ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ಯುವ ಡಾಕ್ಟರಮ್ಮ ಬಂದು ಮಾಸ್ಕು ಇಳಿಸಿದರು.

"ಕಣ್ ಬಿಟ್ಟಿದಾಳೆ. ‘ಬಾಯಿ ಕಹಿ’ ಅಂತ ದೂರು ಬೇರೆ. ನಾಳೆವರೆಗೂ ಇಲ್ಲೇ ನೋಡ್ಕೋತೀವಿ, ಗಾಬರಿ ಏನಿಲ್ಲ. ಪಕ್ಕಕ್ಕೆ ಮಲಗ್ಸಿದ್ದು ಯಾರು?"

ಮಗಳು ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು.

"ಭೇಷ್" ಎಂದರು ಡಾಕ್ಟರಮ್ಮ. ಆಗ ಅತ್ತಳು ನೋಡಿ ನನ್ನ ಮಗಳು. ಇಷ್ಟು ದಿನದ್ದೆಲ್ಲ ಸೇರಿಸಿ, ನನ್ನ ತೋಳು ಒದ್ದೆಯಾಗುವ ಹಾಗೆ.

ಆಟೋದಲ್ಲಿ ಬರುವಾಗ ಅಂದಳು, "ನೀನು ಮೊದ್ಲು ಉಸಿರಾಡ್ತಿದಾಳಾ ಅಂತ ಕೇಳ್ದೆ."

"ಮತ್ತೆ ಇನ್ನೇನು ಕೇಳ್ಬೇಕಿತ್ತು?"

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಯಾಕೆ ಹಾಗೆ ನೋಡಿದಳೋ. ಆಯಾಸವಿರಬೇಕು.

ಜುಲೈ 14, ಸೋಮವಾರ

ಗುಂಗುರು ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದಳು. ನೋಡಲು ಹೋದೆ. ಅವಳ ತಾಯಿ ನನ್ನ ಎರಡೂ ಕೈ ಹಿಡಿದು, "ನಿಮ್ ಮಗಳು ಫೋನ್ ಮಾಡ್ದೆ ಹೋಗಿದ್ರೆ..." ಎಂದರು. ಆಮೇಲೆ ಪಿಸುಮಾತಿನಲ್ಲಿ, "ಇವಳಿಗೆ ಏನ್ ಹೇಳ್ಲಿ? ಹೊಡೀಲಾ, ಬಿಡ್ಲಾ?" ಎಂದು ಕೇಳಿದರು.

"ಮೊದಲು ಊಟ ಹಾಕಿ" ಎಂದೆ. ಆಸ್ಪತ್ರೆಯ ಸಲಹಾ ವಿಭಾಗದವರ ಹತ್ತಿರ ಕರೆದುಕೊಂಡು ಹೋಗಿ ಅಂತಲೂ ಹೇಳಿ, ಅವರ ಫೋನ್ ನಂಬರನ್ನು ಕೊಟ್ಟೆ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ ಅಂದಿದ್ದೇನೆ.

ಮಗಳು ಬೆಳಗ್ಗಿನಿಂದ ಮಲಗಿದ್ದಾಳೆ. ಎಬ್ಬಿಸಲಿಲ್ಲ. ಬಾಗಿಲು ತೆರೆದೇ ಮಲಗಿದ್ದಾಳೆ.

ಜುಲೈ 22, ಮಂಗಳವಾರ

ಸುತ್ತು ಮುಗಿಯುತ್ತ ಬಂತು. ಹಿಂದೆಂದಿಗಿಂತ ಹೆಚ್ಚು ಜನ ಸಿಕ್ಕಿದ್ದಾರೆ ಎಂದು ಪ್ರೊಫೆಸರು ಎಲ್ಲರಿಗೂ ಕೇಕ್ ತರಿಸಿದರು. ಲೆಕ್ಕದ ಹುಡುಗ ಪರದೆಯ ಮೇಲೆ ಒಬ್ಬೊಬ್ಬರ ನಶೆಯ ಗೆರೆಗಳನ್ನು ತೋರಿಸಿದ. ಹದಿಹರೆಯದಲ್ಲಿ ಏರಿದ ಗೆರೆಗಳಲ್ಲಿ ಬಹಳಷ್ಟು ಇಪ್ಪತ್ತೈದರ ಆಸುಪಾಸಿನಲ್ಲಿ ತಾವಾಗಿ ಇಳಿದಿದ್ದವು. ಕೆಲವು ಬಿದ್ದು ಎದ್ದಿದ್ದವು. ಒಂದಿಷ್ಟು ಇಳಿದೇ ಇರಲಿಲ್ಲ. ಕೆಲವು ನಡುವೆಯೇ ನಿಂತಿದ್ದವು. ಅವುಗಳಲ್ಲೊಂದು ಹಾಸ್ಯದ ಹುಡುಗನದೆಂದು ನನಗೆ ಗೊತ್ತಿತ್ತು.

ಮನೆಗೆ ಬಂದರೆ ಮಗಳು ಒದ್ದೆ ಟವೆಲ್ಲನ್ನು ಮತ್ತೆ ನನ್ನ ಮಂಚದ ಮೇಲೆ ಎಸೆದಿದ್ದಳು. ಹಾಸಿಗೆಯೆಲ್ಲ ತೇವ. ಕೂಗಿದೆ. ಅವಳೂ ಕೂಗಿದಳು. "ನೀನು ನಿನ್ನೆ ನನ್ ಚಾರ್ಜರ್ ತಗೊಂಡು ಎಲ್ಲೋ ಹಾಕಿದೀಯಾ, ಅದಕ್ಕೇನ್ ಹೇಳ್ತೀಯಾ?" ಎಂದಳು. ಚಾರ್ಜರಿಗೂ ಟವೆಲ್ಲಿಗೂ ಏನು ಸಂಬಂಧ ಎಂದೆ. ಅವಳ ಅಪ್ಪನ ಮನೆತನದ ಬುದ್ಧಿಯನ್ನೆಲ್ಲ ಎಳೆದು ತಂದೆ. ಆ ಮನೆತನದ ಹಿರಿಯರಾದ ಅತ್ತೆ ಟಿವಿಯ ಸದ್ದು ಜೋರು ಮಾಡಿದರು. ನಾವು ಇನ್ನೂ ಜೋರು ಮಾಡಿದೆವು. ಕೊನೆಗೆ ಅವಳು ದಡಬಡ ಹಾಸಿಗೆಯ ಹೊದಿಕೆ ಕಿತ್ತು, ಹೊಸದು ಹಾಸಿ, ಮೂಲೆ ಎಳೆದು ಸರಿಮಾಡಿ, "ಆಯ್ತಾ? ಸಮಾಧಾನ ಆಯ್ತಾ?" ಎಂದಳು.

ಆಯಿತು. ಈಗ ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ಪಕ್ಕದ ಕೋಣೆಯಲ್ಲಿ ಅವಳು ಗುಂಗುರು ಹುಡುಗಿಗೆ ಫೋನಿನಲ್ಲಿ, "ನಮ್ಮಮ್ಮಂದು ಅಂದ್ರೆ ಕೇಳ್ಬೇಡ ಕಣೇ" ಎಂದು ನನ್ನನ್ನು ದೂರುತ್ತಿದ್ದಾಳೆ. ಎಷ್ಟು ಚೆನ್ನಾಗಿ ದೂರುತ್ತಾಳೆಂದರೆ, ನಿಲ್ಲಿಸಬಾರದು, ಹೀಗೇ ಹೇಳುತ್ತಿರಲಿ ಅನ್ನಿಸುತ್ತಿದೆ.